ಬೈಲಕುಪ್ಪೆಯಲ್ಲಿ ಕಂಡ ಟಿಬೆಟ್: ನೆಲ ಎಲ್ಲಿ, ಸರ್ಕಾರ ಎಲ್ಲಿ?

ಪ್ರಶ್ನೆ: ಮಕ್ಕಳ ರಜೆಯಲ್ಲಿ ಮಡಿಕೇರಿ ಮಾರ್ಗವಾಗಿ ಹೋಗಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ಬಂದೆವು. ಅಲ್ಲಿ ಅಂಗಡಿ ಇಟ್ಟುಕೊಂಡಿದ್ದ ಟಿಬೆಟನ್ ಮಹಿಳೆಯೊಬ್ಬರು ಚೆನ್ನಾಗಿ ಕನ್ನಡ ಮಾತಾಡಿದರು. ತಮಗೆ ಬೇರೆಯೇ ಪಾರ್ಲಿಮೆಂಟ್ ಇದೆ, ಬೇರೆ ಚುನಾವಣೆ ನಡೆಯುತ್ತದೆ ಎಂದೂ ಹೇಳಿದರು. ಮನೆಗೆ ಬಂದಾಗಿನಿಂದ ಮಗಳು ಕೇಳುತ್ತಿದ್ದಾಳೆ: ಟಿಬೆಟ್ ದೇಶವೋ, ರಾಜ್ಯವೋ? ಅದು ಅಷ್ಟು ದೂರದ ಉತ್ತರದಲ್ಲಿದ್ದರೆ ಅದರ ಸರ್ಕಾರ ಎಲ್ಲಿದೆ? ಕರ್ನಾಟಕದಲ್ಲೇ ಹುಟ್ಟಿದವರು ಭಾರತದ ಪ್ರಜೆಗಳಲ್ಲವೇ? ನನಗೂ ಸರಿಯಾಗಿ ತಿಳಿಯದ ಕಾರಣ ನಿಮ್ಮನ್ನು ಕೇಳುತ್ತಿದ್ದೇನೆ.
— ಓದುಗರೊಬ್ಬರು, ಕೂಳೂರು, ಮಂಗಳೂರು

ಉತ್ತರ: ಬೈಲಕುಪ್ಪೆಗೆ ಹೋಗುವವರು ಬಹಳ ಮಂದಿ. ಬುದ್ಧನ ದೊಡ್ಡ ಮೂರ್ತಿಗಳನ್ನು ನೋಡಿ, ಮೊಮೊ ತಿಂದು, ಫೋಟೋ ತೆಗೆದುಕೊಂಡು ಹಿಂತಿರುಗುತ್ತಾರೆ. ಅಂಗಡಿಯವರ ಒಂದು ಮಾತನ್ನು ಮನೆಯವರೆಗೂ ಹೊತ್ತು ತಂದು, ಅದರ ಅರ್ಥವೇನೆಂದು ಯೋಚಿಸುವವರು ಕಡಿಮೆ. ನಿಮ್ಮ ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ.

ನಿಮಗೆ ಗೊಂದಲವಾದದ್ದು ಸಹಜ. ಸಾಮಾನ್ಯವಾಗಿ ಒಂದು ನಾಡು ಎಂದರೆ ಅದರ ನೆಲ, ಅದನ್ನಾಳುವ ಸರ್ಕಾರ, ಅಲ್ಲಿನ ಜನರ ಸಂಸ್ಕೃತಿ ಮೂರೂ ಒಂದೇ ಕಡೆ ಇರುತ್ತವೆ. ಕರ್ನಾಟಕದ ನೆಲ ಇಲ್ಲಿದೆ, ವಿಧಾನಸೌಧ ಇಲ್ಲಿದೆ, ಯಕ್ಷಗಾನವೂ ಇಲ್ಲಿದೆ. ಟಿಬೆಟಿನ ವಿಷಯದಲ್ಲಿ 1959ರಿಂದ ಈ ಮೂರು ಬೇರೆಬೇರೆಯಾಗಿವೆ. ನೆಲ ಹಿಮಾಲಯದ ಆಚೆಗಿದೆ. ಟಿಬೆಟನ್ ನಿರಾಶ್ರಿತರು ತಮ್ಮದೆಂದು ಒಪ್ಪುವ ಆಡಳಿತ ಹಿಮಾಚಲ ಪ್ರದೇಶದ ಧರ್ಮಶಾಲಾದಲ್ಲಿದೆ. ಅವರ ಸಂಸ್ಕೃತಿಯನ್ನು ಕಾಯುವ ಮಹಾವಿದ್ಯಾಪೀಠಗಳಲ್ಲಿ ದೊಡ್ಡವು ನಮ್ಮ ಕರ್ನಾಟಕದಲ್ಲಿವೆ. ಮೂರನ್ನೂ ಒಂದೊಂದಾಗಿ ನೋಡಿದರೆ ನಿಮ್ಮ ಎಲ್ಲ ಸಂದೇಹಗಳಿಗೂ ಉತ್ತರ ಸಿಗುತ್ತದೆ.

ಮೊದಲು ನೆಲ

ಟಿಬೆಟ್ ಒಂದು ಪ್ರಸ್ಥಭೂಮಿ. ಜಗತ್ತಿನಲ್ಲಿ ಇಷ್ಟು ವಿಸ್ತಾರವಾದ, ಇಷ್ಟು ಎತ್ತರದ ಇನ್ನೊಂದು ಪ್ರಸ್ಥಭೂಮಿ ಇಲ್ಲ. ಸುಮಾರು 25 ಲಕ್ಷ ಚದರ ಕಿ.ಮೀ. ಹರವು, ಸಮುದ್ರಮಟ್ಟದಿಂದ ಸರಾಸರಿ 4,500 ಮೀಟರ್‌ಗೂ ಮೀರಿದ ಎತ್ತರ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದೆ. ಟಿಬೆಟಿನ ರಾಜಧಾನಿಯಾಗಿದ್ದ ಲ್ಹಾಸಾ ನಗರ ನಿಂತಿರುವುದೇ ಸುಮಾರು 3,650 ಮೀಟರ್ ಎತ್ತರದಲ್ಲಿ. ಅಂದರೆ ಅಲ್ಲಿನ ಪೇಟೆಬೀದಿ ನಮ್ಮ ಅತ್ಯುನ್ನತ ಶಿಖರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಮೇಲಿದೆ.

ಅಲ್ಲಿ ಮಳೆ ಏಕೆ ಕಡಿಮೆ ಎಂಬುದು ನಿಮಗೆ ಬೇಗ ಅರ್ಥವಾಗುತ್ತದೆ, ಏಕೆಂದರೆ ಅದರ ಚಿಕ್ಕ ಮಾದರಿಯನ್ನು ನೀವು ದಾರಿಯಲ್ಲೇ ದಾಟಿದ್ದೀರಿ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಕಡಲಿನಿಂದ ಬಂದ ಮೋಡ ಸಂಪಾಜೆ ಘಾಟಿಯನ್ನು ಹತ್ತುತ್ತ ಮಡಿಕೇರಿಯವರೆಗೆ ನೀರಿಳಿಸುತ್ತದೆ. ಕುಶಾಲನಗರ ದಾಟಿ ಬೈಲಕುಪ್ಪೆ ಮುಟ್ಟುವಷ್ಟರಲ್ಲಿ ಅದರ ಬಹುಪಾಲು ತೇವ ಮುಗಿದಿರುತ್ತದೆ. ಪಶ್ಚಿಮಘಟ್ಟದ ಜಾಗದಲ್ಲಿ ಹಿಮಾಲಯವನ್ನು ಇಟ್ಟು ಯೋಚಿಸಿ. ಮುಂಗಾರಿನ ಮೋಡವನ್ನು ಆ ಪರ್ವತಸಾಲು ದಕ್ಷಿಣದ ಕಡೆಯಲ್ಲೇ ತಡೆಯುತ್ತದೆ. ಆಚೆಗಿರುವ ಲ್ಹಾಸಾಕ್ಕೆ ವರ್ಷಕ್ಕೆ 500 ಮಿ.ಮೀ.ಗಿಂತ ಕಡಿಮೆ ಮಳೆ. ಆದ್ದರಿಂದ ಅಲ್ಲಿ ಭತ್ತವಿಲ್ಲ. ಬಾರ್ಲಿ ಬೆಳೆ, ವಿಶಾಲವಾದ ಹುಲ್ಲುಗಾವಲು, ಯಾಕ್ ಮತ್ತು ಕುರಿ ಸಾಕಣೆ. ಹುರಿದ ಬಾರ್ಲಿಯ ಹಿಟ್ಟಾದ ‘ತ್ಸಂಪಾ’ ಅಲ್ಲಿನವರ ಮುಖ್ಯ ಆಹಾರ. ಉಪ್ಪು, ಬೆಣ್ಣೆ ಹಾಕಿದ ಚಹಾ ಅವರ ನಿತ್ಯದ ಪಾನೀಯ.

ಮಳೆ ಕಡಿಮೆಯಾದರೂ ಏಷ್ಯಾದ ಮಹಾನದಿಗಳು ಹುಟ್ಟುವುದು ಅಲ್ಲಿಯೇ, ಅಲ್ಲಿನ ಹಿಮದಿಂದ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ ಮೂರೂ ಟಿಬೆಟಿನಿಂದ ಹೊರಟು ಭಾರತಕ್ಕೆ ಬರುತ್ತವೆ. ಬ್ರಹ್ಮಪುತ್ರಕ್ಕೆ ಅಲ್ಲಿ ಯಾರ್ಲುಂಗ್ ತ್ಸಾಂಗ್‌ಪೋ ಎಂದು ಹೆಸರು. ಚೀನದ ಯಾಂಗ್‌ತ್ಸೆ, ಹಳದಿ ನದಿ, ಆಗ್ನೇಯ ಏಷ್ಯಾದ ಮೆಕಾಂಗ್ ಸಹ ಅದೇ ಪ್ರಸ್ಥಭೂಮಿಯ ಮಕ್ಕಳು. ಕೈಲಾಸ ಪರ್ವತ, ಮಾನಸ ಸರೋವರ ಇರುವುದೂ ಅಲ್ಲಿಯೇ. ಕೈಲಾಸಯಾತ್ರೆ ಮಾಡಿಬಂದ ಕನ್ನಡಿಗರು ಟಿಬೆಟಿನ ಪಶ್ಚಿಮ ಭಾಗವನ್ನು ಕಣ್ಣಾರೆ ಕಂಡವರು.

ಟಿಬೆಟನ್ನರು ತಮ್ಮ ನಾಡನ್ನು ಮೂರು ಪ್ರಾಂತಗಳೆಂದು ಎಣಿಸುತ್ತಾರೆ. ಲ್ಹಾಸಾ ಇರುವ ನಡುನಾಡು ಉ-ತ್ಸಾಂಗ್, ಪೂರ್ವದ ಕಣಿವೆಗಳ ನಾಡು ಖಾಮ್, ಈಶಾನ್ಯದ ಹುಲ್ಲುಗಾವಲುಗಳ ನಾಡು ಆಮ್ಡೋ. ಟಿಬೆಟನ್ನರ ಧರ್ಮಗುರುವಾದ ಈಗಿನ ದಲೈ ಲಾಮಾ 1935ರ ಜುಲೈ 6ರಂದು ಹುಟ್ಟಿದ್ದು ಆಮ್ಡೋದ ತಾಕ್‌ತ್ಸೇರ್ ಎಂಬ ಹಳ್ಳಿಯಲ್ಲಿ. ಈ ಮೂರು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಚುನಾವಣೆಯ ಮಾತು ಬಂದಾಗ ಬೇಕಾಗುತ್ತವೆ.

ದೇಶವೋ, ರಾಜ್ಯವೋ?

ಇವತ್ತು ಆ ನೆಲ ಚೀನದ ಆಡಳಿತದಲ್ಲಿದೆ. ಚೀನ ಅದನ್ನು ಒಂದೇ ಘಟಕವಾಗಿ ಇಟ್ಟಿಲ್ಲ. 1965ರಲ್ಲಿ ರಚನೆಯಾದ ‘ಟಿಬೆಟ್ ಸ್ವಾಯತ್ತ ಪ್ರದೇಶ’ದಲ್ಲಿ ಉ-ತ್ಸಾಂಗ್ ಮತ್ತು ಖಾಮ್‌ನ ಪಶ್ಚಿಮ ಭಾಗ ಸೇರಿವೆ. ಆಮ್ಡೋದ ಬಹುಪಾಲು ಚಿಂಗ್‌ಹಾಯ್ ಪ್ರಾಂತಕ್ಕೆ ಹೋಯಿತು. ಉಳಿದ ಭಾಗಗಳು ಗಾನ್ಸು, ಸಿಚುವಾನ್, ಯುನ್ನಾನ್ ಪ್ರಾಂತಗಳಲ್ಲಿ ಹಂಚಿಹೋಗಿವೆ. ಸ್ವಾಯತ್ತ ಪ್ರದೇಶ ಒಂದರ ವಿಸ್ತೀರ್ಣವೇ 12 ಲಕ್ಷ ಚದರ ಕಿ.ಮೀ. ದಾಟುತ್ತದೆ, ಅಂದರೆ ಕರ್ನಾಟಕದ ಆರು ಪಟ್ಟು. ಜನಸಂಖ್ಯೆ ಮಾತ್ರ 2020ರ ಚೀನದ ಜನಗಣತಿಯಂತೆ 36 ಲಕ್ಷ ಚಿಲ್ಲರೆ. 2011ರ ಗಣತಿಯಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಒಂದರಲ್ಲೇ ಸುಮಾರು 21 ಲಕ್ಷ ಜನರಿದ್ದರು ಎಂಬುದರ ಜೊತೆ ಹೋಲಿಸಿದರೆ ಅದು ಎಷ್ಟು ವಿರಳ ಜನವಸತಿಯ ನಾಡು ಎಂದು ತಿಳಿಯುತ್ತದೆ.

ಹಿಂದೆ ಅದು ದೇಶವಾಗಿತ್ತೇ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಎರಡನ್ನೂ ನಿಮ್ಮ ಮಗಳಿಗೆ ಹೇಳಿ. 13ನೇ ದಲೈ ಲಾಮಾ 1913ರಲ್ಲಿ ಟಿಬೆಟ್ ಸ್ವತಂತ್ರವೆಂದು ಸಾರಿದರು. ಅಲ್ಲಿಂದ 1950ರಲ್ಲಿ ಚೀನದ ಸೇನೆ ಬರುವವರೆಗೆ ಲ್ಹಾಸಾದ ಸರ್ಕಾರವೇ ಮಧ್ಯ ಟಿಬೆಟನ್ನು ಆಳಿತು. ಅದಕ್ಕೆ ತನ್ನದೇ ಸೇನೆ, ನಾಣ್ಯ, ಅಂಚೆಚೀಟಿ ಇದ್ದವು. ಇದು ಟಿಬೆಟನ್ನರ ವಾದ. ಟಿಬೆಟ್ ಶತಮಾನಗಳಿಂದಲೂ ತನ್ನ ಭಾಗವೇ ಎಂಬುದು ಚೀನದ ವಾದ. 1951ರಲ್ಲಿ ಬೀಜಿಂಗ್‌ನಲ್ಲಿ ಹದಿನೇಳು ಅಂಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಅದು ಬಲವಂತದ ಸಹಿ ಎಂದು ದಲೈ ಲಾಮಾ ಅನಂತರ ಅದನ್ನು ನಿರಾಕರಿಸಿದರು. ಭಾರತ ಸರ್ಕಾರ 1954ರ ಒಪ್ಪಂದದಲ್ಲಿ ‘ಚೀನದ ಟಿಬೆಟ್ ಪ್ರದೇಶ’ ಎಂಬ ಮಾತನ್ನು ಒಪ್ಪಿತು, 2003ರಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶವು ಚೀನದ ಭಾಗವೆಂದು ಮತ್ತೆ ಹೇಳಿತು. ಹಾಗಾಗಿ ಇವತ್ತಿನ ವಾಸ್ತವ ಸ್ಥಿತಿಯಲ್ಲಿ ಟಿಬೆಟ್ ಪ್ರತ್ಯೇಕ ದೇಶವಲ್ಲ, ಚೀನದೊಳಗಿನ ಪ್ರದೇಶ. ಆದರೆ ಅಲ್ಲಿಂದ ಬಂದ ಜನ ತಮ್ಮನ್ನು ತಾವು ಒಂದು ಪ್ರತ್ಯೇಕ ಜನಾಂಗವೆಂದು, ಒಂದು ರಾಷ್ಟ್ರವೆಂದು ಭಾವಿಸುತ್ತಾರೆ. ನಿಮ್ಮೊಡನೆ ಮಾತಾಡಿದ ಅಂಗಡಿಯ ಮಹಿಳೆಯೂ ಈ ಅರ್ಥದಲ್ಲೇ ಹೇಳಿರಬೇಕು.

ಅವರು ಇಲ್ಲಿಗೆ ಬಂದದ್ದು ಹೇಗೆ?

1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಚೀನದ ಆಡಳಿತದ ವಿರುದ್ಧ ಜನ ದಂಗೆ ಎದ್ದರು. ಮಾರ್ಚ್ 17ರ ರಾತ್ರಿ 23 ವರ್ಷದ ದಲೈ ಲಾಮಾ ಅರಮನೆಯಿಂದ ಗುಟ್ಟಾಗಿ ಹೊರಟು, ಮಾರ್ಚ್ 31ರಂದು ಇಂದಿನ ಅರುಣಾಚಲ ಪ್ರದೇಶದ ತವಾಂಗ್ ಸೀಮೆಯಲ್ಲಿ ಭಾರತವನ್ನು ಪ್ರವೇಶಿಸಿದರು. ಅವರ ಹಿಂದೆ ಸುಮಾರು 80 ಸಾವಿರ ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಮೊದಮೊದಲು ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಮುಂತಾದ ಕಡೆ ಶಿಬಿರಗಳಾದವು. ಅನೇಕರು ಹಿಮಾಲಯದ ತಪ್ಪಲಲ್ಲಿ ರಸ್ತೆ ಕೆಲಸಕ್ಕೆ ಸೇರಿದರು.

ಅಲ್ಲೊಬ್ಬರು ಇಲ್ಲೊಬ್ಬರು ಚದುರಿಹೋದರೆ ಒಂದು ತಲೆಮಾರಿನಲ್ಲಿ ಭಾಷೆ, ಆಚಾರ ಅಳಿದುಹೋಗುತ್ತವೆ ಎಂಬ ಆತಂಕ ಅವರಿಗಿತ್ತು. ಎಲ್ಲರೂ ಒಟ್ಟಾಗಿ ನೆಲೆಸಲು ಜಾಗ ಬೇಕೆಂದು ಅವರು ಕೇಳಿಕೊಂಡರು. ಪ್ರಧಾನಿ ನೆಹರೂ ರಾಜ್ಯ ಸರ್ಕಾರಗಳ ಸಹಾಯ ಕೋರಿದಾಗ ಮುಂದೆ ಬಂದ ರಾಜ್ಯಗಳಲ್ಲಿ ನಮ್ಮ ಮೈಸೂರು ರಾಜ್ಯ ಪ್ರಮುಖವಾದುದು. ಬೈಲಕುಪ್ಪೆಯ ಬಳಿ ಕಾಡುಭೂಮಿಯನ್ನು ಕೊಟ್ಟಿತು. 1960ರ ಕೊನೆಗೆ ಮೊದಲ ತಂಡಗಳು ಬಂದವು. ಬಿ.ಡಿ. ಜತ್ತಿಯವರು ಆಗ ಮುಖ್ಯಮಂತ್ರಿ. ಟಿಬೆಟನ್ನರು ತುಂಬ ಕೃತಜ್ಞತೆಯಿಂದ ನೆನೆಯುವ ಇನ್ನೊಂದು ಹೆಸರು ಎಸ್. ನಿಜಲಿಂಗಪ್ಪನವರದು. ಅವರು 1962ರಿಂದ 1968ರವರೆಗೆ ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲೇ, 1966ರಲ್ಲಿ, ಉತ್ತರ ಕನ್ನಡದ ಮುಂಡಗೋಡದಲ್ಲಿ ಎರಡನೆಯ ದೊಡ್ಡ ನೆಲೆ ಆರಂಭವಾಯಿತು. ದಲೈ ಲಾಮಾ ನಿಜಲಿಂಗಪ್ಪನವರ ಉಪಕಾರವನ್ನು ಅನೇಕ ಸಭೆಗಳಲ್ಲಿ ಸ್ಮರಿಸಿದ್ದಾರೆ.

ಬಂದವರ ಬದುಕು ಸುಲಭವಾಗಿರಲಿಲ್ಲ. ಚಳಿಯ ಪ್ರಸ್ಥಭೂಮಿಯಲ್ಲಿ ಬೆಳೆದ ದೇಹಗಳಿಗೆ ಇಲ್ಲಿನ ಸೆಕೆ ಒಗ್ಗಲಿಲ್ಲ, ಕಾಯಿಲೆಗಳು ಕಾಡಿದವು. ಡೇರೆಗಳಲ್ಲಿದ್ದುಕೊಂಡು ಕಾಡು ಕಡಿದು ಹೊಲ ಮಾಡಿದರು. ಬೆಳೆ ಬಂದಾಗ ಆನೆಗಳು ಬಂದವು. ಬಾರ್ಲಿ ಬೆಳೆಯುತ್ತಿದ್ದವರು ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಸಹಕಾರ ಸಂಘ ಕಟ್ಟಿಕೊಂಡರು, ರತ್ನಗಂಬಳಿ ನೇಯ್ದರು, ಚಳಿಗಾಲದಲ್ಲಿ ದೇಶದ ನಗರಗಳಿಗೆ ಹೋಗಿ ಸ್ವೆಟರ್ ಮಾರಿದರು. ಬೈಲಕುಪ್ಪೆಯಲ್ಲಿ 1969ರಲ್ಲಿ ಇನ್ನೊಂದು ನೆಲೆ ಸೇರಿತು. 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರ ಮತ್ತು ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಒಡೆಯರಪಾಳ್ಯದಲ್ಲೂ ವಸತಿಗಳಾದವು. ಇಂದು ಭಾರತದಲ್ಲಿ ಅತಿ ಹೆಚ್ಚು ಟಿಬೆಟನ್ನರು ನೆಲೆಸಿರುವ ರಾಜ್ಯ ಕರ್ನಾಟಕವೇ.

ಇಲ್ಲಿ ಎರಡು ಊರುಗಳ ಬಗ್ಗೆ ಒಂದು ಮಾತು. ಗುರುಪುರ ಎಂದ ಕೂಡಲೇ ನಿಮಗೆ ಫಲ್ಗುಣಿ ನದಿಯ ದಂಡೆಯಲ್ಲಿ, ಕೂಳೂರಿಗಿಂತ ಮೇಲೆ ಇರುವ ಗುರುಪುರ ನೆನಪಾಗುತ್ತದೆ. ಟಿಬೆಟನ್ನರ ಗುರುಪುರ ಅದಲ್ಲ, ಅದು ಮೈಸೂರು ಜಿಲ್ಲೆಯದು. ಬೈಲಕುಪ್ಪೆ ಕೊಡಗಿನಲ್ಲಿದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ ಶುರು. ಬೈಲಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದೆ.

ಇನ್ನು ಸರ್ಕಾರ

ದಲೈ ಲಾಮಾ ಭಾರತಕ್ಕೆ ಬಂದ ಮೇಲೆ 1959ರ ಏಪ್ರಿಲ್‌ನಲ್ಲಿ ಮಸ್ಸೂರಿಯಲ್ಲಿ ತಮ್ಮ ಆಡಳಿತವನ್ನು ಮತ್ತೆ ಸ್ಥಾಪಿಸಿದರು. ಮರುವರ್ಷ ಅದು ಧರ್ಮಶಾಲಾಕ್ಕೆ ಸ್ಥಳಾಂತರವಾಯಿತು. ಅದರ ಇಂದಿನ ಹೆಸರು ‘ಕೇಂದ್ರೀಯ ಟಿಬೆಟನ್ ಆಡಳಿತ’. 1960ರ ಸೆಪ್ಟೆಂಬರ್ 2ರಂದು ಚುನಾಯಿತ ಪ್ರತಿನಿಧಿಗಳ ಮೊದಲ ಸಭೆ ಪ್ರಮಾಣವಚನ ಸ್ವೀಕರಿಸಿತು. ಆ ದಿನವನ್ನು ಅವರು ಪ್ರಜಾಪ್ರಭುತ್ವ ದಿನವೆಂದು ಆಚರಿಸುತ್ತಾರೆ. 1991ರಲ್ಲಿ ಸಂವಿಧಾನದಂತಹ ಒಂದು ಸನ್ನದನ್ನು ಅಂಗೀಕರಿಸಿದರು.

ಸಂಸತ್ತಿನಲ್ಲಿ 45 ಸದಸ್ಯರು. ಹಿಂದೆ ಹೇಳಿದ ಮೂರು ಪ್ರಾಂತಗಳು ಇಲ್ಲಿ ಬರುತ್ತವೆ. ಉ-ತ್ಸಾಂಗ್, ಖಾಮ್, ಆಮ್ಡೋ ಒಂದೊಂದಕ್ಕೂ 10 ಸ್ಥಾನ. ಬೌದ್ಧಧರ್ಮದ ನಾಲ್ಕು ಪಂಥಗಳು ಮತ್ತು ಅದಕ್ಕಿಂತ ಹಳೆಯದಾದ ಬೋನ್ ಧರ್ಮಕ್ಕೆ ಎರಡೆರಡು, ಒಟ್ಟು 10. ಉಳಿದ ಐದು ಸ್ಥಾನಗಳು ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಮುಂತಾದ ಕಡೆ ನೆಲೆಸಿದವರಿಗೆ. ಇದರ ಪರಿಣಾಮವನ್ನು ಗಮನಿಸಿ: ಬೈಲಕುಪ್ಪೆಯಲ್ಲೇ ಹುಟ್ಟಿ, ಟಿಬೆಟನ್ನು ಒಮ್ಮೆಯೂ ನೋಡದ ತರುಣಿಯೊಬ್ಬಳ ಅಜ್ಜ ಖಾಮ್‌ನವರಾಗಿದ್ದರೆ, ಅವಳು ಮತ ಹಾಕುವುದು ಖಾಮ್‌ನ ಪ್ರತಿನಿಧಿಗೆ. ಕೈಬಿಟ್ಟುಹೋದ ನಾಡಿನ ಭೂಪಟವನ್ನು ಅವರು ಮತದಾರರ ಪಟ್ಟಿಯಲ್ಲಿ ಉಳಿಸಿಕೊಂಡಿದ್ದಾರೆ. ಈ ಆಡಳಿತದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಂಗತಿ ಇದು.

ಸಚಿವ ಸಂಪುಟಕ್ಕೆ ‘ಕಶಾಗ್’ ಎಂದು ಹೆಸರು. ಅದರ ಮುಖ್ಯಸ್ಥರನ್ನು 2001ರಿಂದ ಜನರೇ ನೇರವಾಗಿ ಆರಿಸುತ್ತಾರೆ. ಮೊದಲು ಹಾಗೆ ಆರಿಸಿ ಬಂದವರು ಸಾಮ್‌ಧೋಂಗ್ ರಿನ್ಪೋಚೆ. ಅವಧಿ ಐದು ವರ್ಷ. 2011ರಲ್ಲಿ ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನೆಲ್ಲ ಚುನಾಯಿತ ನಾಯಕರಿಗೆ ಬಿಟ್ಟುಕೊಟ್ಟು, ಧರ್ಮಗುರುವಾಗಿ ಮಾತ್ರ ಮುಂದುವರಿದರು. ಯಾರೂ ಒತ್ತಾಯಿಸದೆ ಅಧಿಕಾರ ಬಿಟ್ಟುಕೊಟ್ಟ ಉದಾಹರಣೆಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ. ಅದೇ ವರ್ಷ ಲೋಬ್‌ಸಾಂಗ್ ಸಾಂಗೇ ಚುನಾಯಿತರಾದರು. ಆ ಹುದ್ದೆಯನ್ನು ಈಗ ‘ಸಿಕ್ಯೋಂಗ್’ ಎನ್ನುತ್ತಾರೆ. 2021ರಲ್ಲಿ ಸಿಕ್ಯೋಂಗ್ ಆದ ಪೆನ್ಪಾ ತ್ಸೇರಿಂಗ್ ಹುಟ್ಟಿದ್ದು, ಶಾಲೆ ಓದಿದ್ದು ನಮ್ಮ ಬೈಲಕುಪ್ಪೆಯಲ್ಲಿ. ನಿಮ್ಮ ಮಗಳಿಗೆ ಇದು ಖಂಡಿತ ಇಷ್ಟವಾಗುತ್ತದೆ.

ಈಗ ಮುಖ್ಯವಾದ ಒಂದು ಗೊಂದಲವನ್ನು ಬಿಡಿಸೋಣ. ಬೇರೆ ಪಾರ್ಲಿಮೆಂಟ್ ಇದೆ ಎಂದರೆ ಬೈಲಕುಪ್ಪೆ ಕರ್ನಾಟಕದೊಳಗಿನ ಬೇರೆ ರಾಜ್ಯವೇ? ಖಂಡಿತ ಅಲ್ಲ. ಆ ನೆಲ ಕರ್ನಾಟಕದ್ದು. ಟಿಬೆಟನ್ನರಿಗೆ ಅದನ್ನು ನೆಲೆಸಲು ಮತ್ತು ಉಳುಮೆಗೆಂದು ಕೊಡಲಾಗಿದೆ, ಮಾಲಿಕತ್ವ ಅವರದಲ್ಲ. ಅಲ್ಲಿ ನಡೆಯುವುದು ಭಾರತದ ಕಾನೂನು. ಪೊಲೀಸರು ನಮ್ಮ ಪೊಲೀಸರು, ನ್ಯಾಯಾಲಯ ನಮ್ಮ ನ್ಯಾಯಾಲಯ. ಧರ್ಮಶಾಲಾದ ಆಡಳಿತವನ್ನು ಸರ್ಕಾರವೆಂದು ಭಾರತವಾಗಲಿ ಬೇರಾವ ದೇಶವಾಗಲಿ ಅಧಿಕೃತವಾಗಿ ಮಾನ್ಯ ಮಾಡಿಲ್ಲ. ಟಿಬೆಟನ್ನರ ಶಾಲೆ, ಆಸ್ಪತ್ರೆ, ವೃದ್ಧಾಶ್ರಮ, ಸಹಕಾರ ಸಂಘಗಳನ್ನು ನೋಡಿಕೊಳ್ಳುವುದು, ಅವರ ಪರವಾಗಿ ಭಾರತದ ಅಧಿಕಾರಿಗಳೊಡನೆ ವ್ಯವಹರಿಸುವುದು ಅದರ ಕೆಲಸ. ಪ್ರತಿ ವಸತಿಗೂ ಅದು ಒಬ್ಬ ಅಧಿಕಾರಿಯನ್ನು ನೇಮಿಸುತ್ತದೆ. ವಸತಿಯನ್ನು ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್ ಎಂದು ವಿಂಗಡಿಸಿರುತ್ತಾರೆ. ನೀವು ನೋಡಿದ ಗೋಲ್ಡನ್ ಟೆಂಪಲ್ ನಾಲ್ಕನೇ ಕ್ಯಾಂಪಿನಲ್ಲಿದೆ. ಖರ್ಚಿಗಾಗಿ ಟಿಬೆಟನ್ನರು ವರ್ಷವರ್ಷ ಸ್ವಇಚ್ಛೆಯ ಕಾಣಿಕೆಯೊಂದನ್ನು ಕೊಡುತ್ತಾರೆ. ಅದನ್ನು ‘ಗ್ರೀನ್ ಬುಕ್’ ಎಂಬ ಹಸಿರು ಪುಸ್ತಕದಲ್ಲಿ ನಮೂದಿಸುತ್ತಾರೆ. ಚುನಾವಣೆಯಲ್ಲಿ ಮತ ಹಾಕಲು ಆ ಪುಸ್ತಕ ಬೇಕು. ಈ ಆಡಳಿತ ಇಂದು ಚೀನದಿಂದ ಕೇಳುತ್ತಿರುವುದು ಸಹ ಪ್ರತ್ಯೇಕ ದೇಶವನ್ನಲ್ಲ. ಚೀನದೊಳಗೇ ಉಳಿದು ನಿಜವಾದ ಸ್ವಾಯತ್ತತೆ ಪಡೆಯುವುದು ಅದರ ನೀತಿ. ಅದನ್ನು ಅವರು ‘ಮಧ್ಯಮ ಮಾರ್ಗ’ ಎನ್ನುತ್ತಾರೆ.

ಅವರು ಭಾರತದ ಪ್ರಜೆಗಳೇ?

ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ, ಹುಟ್ಟಿದ ದಿನಾಂಕವನ್ನು ನೋಡಬೇಕು. ಭಾರತದ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ತಂದೆತಾಯಿ ಯಾವ ದೇಶದವರು ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟವು. ಆ ದಿನಾಂಕದ ಅನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತದ ಪ್ರಜೆಯಾಗಿರಬೇಕೆಂಬ ನಿಯಮ ಬಂತು, 2004ರಲ್ಲಿ ಅದು ಇನ್ನೂ ಬಿಗಿಯಾಯಿತು. ಆದ್ದರಿಂದ ಒಂದೇ ಮನೆಯಲ್ಲಿ ಅಕ್ಕನಿಗೆ ಒಂದು ಹಕ್ಕು, ತಮ್ಮನಿಗೆ ಇನ್ನೊಂದು ಆಗಿರುವುದು ಸಾಧ್ಯ.

ಉಳಿದವರು ಕಾನೂನಿನ ದೃಷ್ಟಿಯಲ್ಲಿ ವಿದೇಶೀಯರು. ಅವರ ಬಳಿ ಇರುವುದು ನೋಂದಣಿ ಪತ್ರ, ಎಲ್ಲರೂ ಅದನ್ನು ‘ಆರ್.ಸಿ.’ ಎಂದೇ ಕರೆಯುತ್ತಾರೆ. ಕಾಲಕಾಲಕ್ಕೆ ಅದನ್ನು ನವೀಕರಿಸಿಕೊಳ್ಳಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಗುರುತಿನ ಪ್ರಮಾಣಪತ್ರವೊಂದನ್ನು ಭಾರತ ಸರ್ಕಾರ ಕೊಡುತ್ತದೆ. ಪೌರತ್ವಕ್ಕೆ ಅರ್ಹರಾದವರೂ ಅನೇಕರು ಅರ್ಜಿ ಹಾಕುವುದಿಲ್ಲ. ಭಾರತದ ಪಾಸ್‌ಪೋರ್ಟ್ ಪಡೆಯಬೇಕಾದರೆ ಆರ್.ಸಿ. ಒಪ್ಪಿಸಿ, ವಸತಿಯ ಸೌಲಭ್ಯಗಳನ್ನು ಬಿಡಬೇಕೆಂಬ ಷರತ್ತು 2017ರಲ್ಲಿ ಬಂದದ್ದು ಒಂದು ಕಾರಣ. ಒಂದು ದಿನ ತಮ್ಮ ನಾಡಿಗೆ ಹಿಂತಿರುಗುತ್ತೇವೆ ಎಂಬ ನಂಬಿಕೆ ಇನ್ನೊಂದು ಕಾರಣ. ಎರಡನ್ನೂ ನಾವು ಗೌರವದಿಂದ ಅರ್ಥಮಾಡಿಕೊಳ್ಳಬೇಕು. ಕನ್ನಡ ಬಲ್ಲವರು, ಇಲ್ಲಿನ ಗಾಳಿ ನೀರಿನಲ್ಲಿ ಬೆಳೆದವರು, ಆದರೂ ಕಾಗದದಲ್ಲಿ ಅತಿಥಿಗಳು. ಆ ಸ್ಥಿತಿಯ ಭಾರ ಹೊರಗಿನವರಿಗೆ ಬೇಗ ಕಾಣುವುದಿಲ್ಲ.

ಕೊನೆಗೆ ಸಂಸ್ಕೃತಿ

ಕರ್ನಾಟಕದ ಪಾಲು ಅತಿ ದೊಡ್ಡದಾಗಿರುವುದು ಇಲ್ಲಿ. ಲ್ಹಾಸಾದ ಸುತ್ತ ಮೂರು ಮಹಾ ವಿಹಾರಗಳಿದ್ದವು: 1409ರಲ್ಲಿ ಸ್ಥಾಪನೆಯಾದ ಗಾಂದೆನ್, 1416ರ ಡ್ರೆಪುಂಗ್, 1419ರ ಸೇರಾ. ಇವನ್ನು ಮಠಗಳೆಂದರೆ ಅರ್ಧ ಮಾತ್ರ ಹೇಳಿದಂತೆ. ಸಾವಿರಾರು ಭಿಕ್ಷುಗಳು ತರ್ಕ, ತತ್ತ್ವಶಾಸ್ತ್ರ ಓದುತ್ತಿದ್ದ ವಿದ್ಯಾಪೀಠಗಳು ಅವು. 1959ರ ಅನಂತರ ಅಲ್ಲಿಂದ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಹತ್ತು ವರ್ಷ ಬಕ್ಸಾದ ಹಳೆಯ ಕೋಟೆಯಲ್ಲಿ ಇಕ್ಕಟ್ಟಿನಲ್ಲಿದ್ದುಕೊಂಡೇ ಪಾಠ ನಡೆಸಿದರು. ಅನಂತರ ಕರ್ನಾಟಕಕ್ಕೆ ಬಂದು ಸೇರಾವನ್ನು ಬೈಲಕುಪ್ಪೆಯಲ್ಲಿ, ಗಾಂದೆನ್ ಮತ್ತು ಡ್ರೆಪುಂಗ್‌ಗಳನ್ನು ಮುಂಡಗೋಡದಲ್ಲಿ ಮತ್ತೆ ಕಟ್ಟಿದರು. ಟಿಬೆಟಿನ ಶಿಗಾತ್ಸೆ ನಗರದ ತಾಶಿ ಲ್ಹುನ್ಪೋ ವಿಹಾರವೂ ಬೈಲಕುಪ್ಪೆಯಲ್ಲಿ ಪುನರ್ಜನ್ಮ ಪಡೆಯಿತು.

ನೀವು ನೋಡಿದ ಗೋಲ್ಡನ್ ಟೆಂಪಲ್ ಇವುಗಳಲ್ಲಿ ಯಾವುದೂ ಅಲ್ಲ. ಅದು ನಾಮ್‌ಡ್ರೋಲಿಂಗ್ ವಿಹಾರ, ನ್ಯಿಂಗ್ಮಾ ಎಂಬ ಅತಿ ಹಳೆಯ ಪಂಥಕ್ಕೆ ಸೇರಿದ್ದು. ಖಾಮ್‌ನಿಂದ ಬಂದ ಪೆನೋರ್ ರಿನ್ಪೋಚೆಯವರು 1963ರಲ್ಲಿ ಅದನ್ನು ಸ್ಥಾಪಿಸಿದರು. ಚಿನ್ನದ ಬಣ್ಣದ ಮೂರು ಮೂರ್ತಿಗಳಿರುವ ಮಂದಿರ 1999ರಲ್ಲಿ ಆದದ್ದು. ನಡುವೆ ಶಾಕ್ಯಮುನಿ ಬುದ್ಧ, ಇಕ್ಕೆಲಗಳಲ್ಲಿ ಪದ್ಮಸಂಭವ ಮತ್ತು ಅಮಿತಾಯುಸ್. ಎಂಟನೆಯ ಶತಮಾನದಲ್ಲಿ ಭಾರತದಿಂದ ಟಿಬೆಟಿಗೆ ಹೋಗಿ ಬೌದ್ಧಧರ್ಮವನ್ನು ನೆಲೆಗೊಳಿಸಿದ ಗುರು ಪದ್ಮಸಂಭವ. ಅದೇ ಕಾಲದಲ್ಲಿ ನಾಲಂದಾದ ಶಾಂತರಕ್ಷಿತ, ಹನ್ನೊಂದನೆಯ ಶತಮಾನದಲ್ಲಿ ಬಂಗಾಳದ ಅತೀಶ ಅಲ್ಲಿಗೆ ಹೋದರು. ಭಾರತದಲ್ಲಿ ಮೂಲವೇ ಕಳೆದುಹೋದ ಎಷ್ಟೋ ಸಂಸ್ಕೃತ ಗ್ರಂಥಗಳು ಟಿಬೆಟನ್ ಅನುವಾದದಲ್ಲಿ ಉಳಿದಿವೆ. ನಾಲಂದಾದಿಂದ ಉತ್ತರಕ್ಕೆ ಹೋದ ವಿದ್ಯೆ ಸಾವಿರ ವರ್ಷಗಳ ಮೇಲೆ ದಕ್ಷಿಣಕ್ಕೆ, ನಮ್ಮ ಪಿರಿಯಾಪಟ್ಟಣ, ಮುಂಡಗೋಡಗಳಿಗೆ ಮರಳಿದೆ.

ಅವರ ಲಿಪಿಯೂ ಭಾರತದ ಬ್ರಾಹ್ಮೀ ಮೂಲದಿಂದ ಬಂದದ್ದೇ. ಏಳನೆಯ ಶತಮಾನದಲ್ಲಿ ಥೋನ್ಮಿ ಸಂಭೋಟ ಎಂಬ ವಿದ್ವಾಂಸ ಭಾರತದಲ್ಲಿ ಕಲಿತು ಅದನ್ನು ರೂಪಿಸಿದನೆಂದು ಅವರ ಪರಂಪರೆ ಹೇಳುತ್ತದೆ. ನಿಮ್ಮ ಮಗಳು ಟಿಬೆಟನ್ ಮಗುವೊಂದರ ಅಕ್ಷರಮಾಲೆ ಕೇಳಿದರೆ ಆಶ್ಚರ್ಯಪಡುತ್ತಾಳೆ, ಅದೂ ಕ, ಖ, ಗ, ಙ ಎಂದೇ ಶುರುವಾಗುತ್ತದೆ.

ಕರಾವಳಿಯವರಾದ ನಿಮಗೆ ಇನ್ನೊಂದು ಸಂಗತಿ ವಿಶೇಷವೆನಿಸಬಹುದು. ಟಿಬೆಟನ್ನರ ಆಡಳಿತ ಮಹತ್ವದ ಸಂದರ್ಭಗಳಲ್ಲಿ ನೆಚುಂಗ್ ಎಂಬ ರಕ್ಷಕ ದೈವದ ನುಡಿ ಕೇಳುತ್ತದೆ. ಆ ದೈವ ಮೈಮೇಲೆ ಬರುವ ಭಿಕ್ಷುವಿಗೆ ಭಾರವಾದ ಶಿರಸ್ತ್ರಾಣ, ಪದರಪದರದ ಉಡುಪು ಇರುತ್ತದೆ. ವಾದ್ಯ ಮತ್ತು ಮಂತ್ರಘೋಷದ ನಡುವೆ ಆವೇಶ ಬರುತ್ತದೆ, ಕೇಳಿದ್ದಕ್ಕೆ ನುಡಿ ಸಿಗುತ್ತದೆ. ಆ ಪದ್ಧತಿ ಇಂದೂ ಧರ್ಮಶಾಲಾದಲ್ಲಿ ನಡೆಯುತ್ತಿದೆ. ನಮ್ಮ ದೈವಾರಾಧನೆಗೂ ಇದಕ್ಕೂ ನೇರ ಸಂಬಂಧವಿದೆ ಎಂದು ಹೇಳುವಂತಿಲ್ಲ, ಎರಡರ ಕಥೆ ಮತ್ತು ವಿಧಿ ಬೇರೆಬೇರೆ. ಆದರೆ ಪಾತ್ರಿಯ ದರ್ಶನ, ನುಡಿಗಟ್ಟು ಕಂಡು ಬೆಳೆದ ತುಳುನಾಡಿನವರಿಗೆ ಇದು ಅಪರಿಚಿತವೆನಿಸುವುದಿಲ್ಲ.

ಇಷ್ಟನ್ನು ಉಳಿಸಿಕೊಂಡಿರುವ ವಸತಿಗಳು ಈಗ ಬೇರೊಂದು ಕಷ್ಟ ಎದುರಿಸುತ್ತಿವೆ. ಎಳೆಯರು ಓದಿಗೆ, ಉದ್ಯೋಗಕ್ಕೆ ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ. ಟಿಬೆಟಿನಿಂದ ಹೊಸದಾಗಿ ಬರುವವರು 2008ರ ಅನಂತರ ತೀರ ಕಡಿಮೆಯಾಗಿದ್ದಾರೆ. ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಒಟ್ಟಾಗಿದ್ದರೆ ಮಾತ್ರ ಭಾಷೆ, ಧರ್ಮ ಉಳಿಯುತ್ತವೆಂದು ಕಟ್ಟಿದ ನೆಲೆಗಳಿಗೆ ಇದು ಸಣ್ಣ ಚಿಂತೆಯಲ್ಲ.

ಮುಂದಿನ ಸಲ ಹೋದಾಗ

ನಿಮಗೆ ಕೆಲವು ಸಲಹೆಗಳು. ಭಾರತೀಯರು ಬೈಲಕುಪ್ಪೆಗೆ ಹೋಗಲು ಯಾವ ಪರವಾನಗಿಯೂ ಬೇಕಿಲ್ಲ. ವಿದೇಶದ ಪ್ರಜೆಗಳಾದ ನೆಂಟರು ವಸತಿಯಲ್ಲಿ ತಂಗಬೇಕಾದರೆ ಮಾತ್ರ ಮುಂಚಿತವಾಗಿ ಅನುಮತಿ ಪಡೆಯಬೇಕು. ನಾಮ್‌ಡ್ರೋಲಿಂಗ್ ಒಂದನ್ನೇ ನೋಡಿ ಹಿಂತಿರುಗಬೇಡಿ, ಸೇರಾ ವಿಹಾರಕ್ಕೂ ಹೋಗಿ. ಅಲ್ಲಿನ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ, ಕಾಲು ನೆಲಕ್ಕೆ ಬಡಿದು ವಾದ ಮಾಡುವುದನ್ನು ಕಂಡರೆ ಜಗಳವೆಂದುಕೊಳ್ಳಬೇಡಿ. ಅದು ಅವರ ಪಾಠಕ್ರಮ: ನಿಂತವರು ಪ್ರಶ್ನೆ ಎಸೆಯುತ್ತಾರೆ, ಕೂತವರು ತರ್ಕಬದ್ಧವಾಗಿ ಉತ್ತರಿಸಬೇಕು. ಈ ಓದು ಮುಗಿಸಿ ‘ಗೇಶೆ’ ಪದವಿ ಪಡೆಯಲು ಇಪ್ಪತ್ತು ವರ್ಷಗಳವರೆಗೂ ಹಿಡಿಯುತ್ತದೆ. ಪ್ರಾರ್ಥನಾ ಚಕ್ರಗಳನ್ನು ನಮ್ಮ ಪ್ರದಕ್ಷಿಣೆಯಂತೆ ಬಲಕ್ಕೆ ತಿರುಗಿಸಿ. ಭಿಕ್ಷುಗಳ ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುವ ಲೋಸರ್ ಅವರ ಹೊಸ ವರ್ಷ. ಆ ಸಮಯಕ್ಕೆ ಹೋದರೆ ಹಬ್ಬದ ಸಂಭ್ರಮವನ್ನೂ ನೋಡಬಹುದು.

ಮಗಳಿಗೆ ಚಿಕ್ಕದಾಗಿ ಹೇಳಬೇಕಾದರೆ ಹೀಗೆ ಹೇಳಿ: ಟಿಬೆಟ್ ಹಿಮಾಲಯದ ಆಚೆಗಿನ ಎತ್ತರದ ನಾಡು, ಈಗ ಚೀನದ ಆಡಳಿತದಲ್ಲಿದೆ. ಅಲ್ಲಿಂದ ಬಂದವರು ಧರ್ಮಶಾಲಾದಲ್ಲಿ ತಮ್ಮದೇ ಒಂದು ಆಡಳಿತ ಕಟ್ಟಿಕೊಂಡು, ಇದ್ದ ಊರಿನಿಂದಲೇ ಮತ ಹಾಕಿ ಅದನ್ನು ನಡೆಸುತ್ತಾರೆ, ಆದರೆ ಇಲ್ಲಿ ಭಾರತದ ಕಾನೂನನ್ನೇ ಪಾಲಿಸುತ್ತಾರೆ. ಕರ್ನಾಟಕ ಅವರಿಗೆ ನೆಲೆಸಲು ಜಾಗ ಕೊಟ್ಟಿತು. ಆ ಜಾಗದಲ್ಲಿ ಅವರು ಮೊದಲು ಕಟ್ಟಿದವುಗಳಲ್ಲಿ ಶಾಲೆಯೂ ವಿಹಾರವೂ ಇದ್ದವು. ನಾಡು ಕೈತಪ್ಪಿದರೂ ಅವರು ಒಂದು ಜನಾಂಗವಾಗಿ ಉಳಿದದ್ದು ಅದರಿಂದ.